ಹೊಸ ಪ್ರೊಸೆಸರ್‌ನಲ್ಲಿ ಕೊಸರೆಷ್ಟು?

ಕಂಪ್ಯೂಟರಿನ ಪ್ರೊಸೆಸರನ್ನು ತಯಾರಕರು ನಿಗದಿಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ದುಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂಬ ಹೆಸರು ರೂಢಿಗೆ ಬಂದಿದೆ. ಸಂತೆಯಲ್ಲಿ ತೂಕ ಮುಗಿದ ಮೇಲೂ ಗಿರಾಕಿಯ ಚೀಲಕ್ಕೆ ಬೀಳುವ ಕೊಸರಿಗೆ ಇದನ್ನು ಹೋಲಿಸಿದರೆ ತಪ್ಪಾಗದು. ಕೊಟ್ಟ ಹಣದ ಲೆಕ್ಕದಲ್ಲಿ ಸೇರದ ಒಂದಿಷ್ಟು ಎರಡು ಕಡೆಯೂ ಕೊಂಡವರ ಪಾಲಿಗೆ ಬರುತ್ತದೆ, ಎರಡು ಕಡೆಯೂ ಅದು ಅಳೆದುಕೊಟ್ಟವರ ಕೈ ಎಷ್ಟು ಸಡಿಲವಾಗಿತ್ತು ಎಂಬುದನ್ನೇ ಅವಲಂಬಿಸಿರುತ್ತದೆ. ಹಳೆಯ ಪ್ರೊಸೆಸರನ್ನು ತೆಗೆದು ಹೊಸದನ್ನು ಕೂರಿಸಿದರೆ ಈ ಕೊಸರು ಹೆಚ್ಚುತ್ತದೆಯೇ ಎಂಬ ಪ್ರಶ್ನೆ, ಬಿಡಿಭಾಗಗಳನ್ನು ಕೊಂಡು ತಾವೇ ಕಂಪ್ಯೂಟರ್ ಜೋಡಿಸಿಕೊಳ್ಳುವವರ ನಡುವೆ ಬಹಳ ಕಾಲದಿಂದ ಇದೆ. ಹೊಸದು ಹಳೆಯದಕ್ಕಿಂತ ವೇಗದ್ದಾದ್ದರಿಂದ ಅದನ್ನು ಇನ್ನಷ್ಟು ಓಡಿಸಬಹುದು ಎಂಬ ಊಹೆ ಸಹಜವೇ. ಆದರೆ ವೇಗ ಬೇರೆ, ವೇಗದಲ್ಲಿ ಇನ್ನೂ ಮಿಕ್ಕಿರುವ ಅವಕಾಶ ಬೇರೆ, ಕಳೆದ ಕಾಲು ಶತಮಾನದ ಪ್ರೊಸೆಸರ್‌ಗಳನ್ನು ಸಾಲಾಗಿ ನೋಡಿದರೆ ಮೊದಲನೆಯದು ಏರಿದಂತೆಲ್ಲ ಎರಡನೆಯದು ಇಳಿದಿರುವುದೇ ಹೆಚ್ಚು.

ಪ್ರೊಸೆಸರ್‌ನ ಒಳಗಿನ ಕೆಲಸವೆಲ್ಲ ಒಂದು ತಾಳಕ್ಕೆ ಕಟ್ಟುಬಿದ್ದು ನಡೆಯುತ್ತದೆ. ಈ ತಾಳವೇ ಕ್ಲಾಕ್. 4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 400 ಕೋಟಿ ಬಡಿತ. ಈ ಸಂಖ್ಯೆ ಮೂಲ ಕ್ಲಾಕ್ ಮತ್ತು ಗುಣಕ ಎಂಬ ಎರಡು ಅಂಕಿಗಳ ಗುಣಲಬ್ಧವಾಗಿದ್ದು, ಇಂದಿನ ಬಹುತೇಕ ಕಂಪ್ಯೂಟರ್‌ಗಳಲ್ಲಿ ಮೂಲ ಕ್ಲಾಕ್ 100 ಮೆಗಾಹರ್ಟ್ಸ್ ಇರುವುದರಿಂದ ಗುಣಕವನ್ನು 45ಕ್ಕೆ ಇಟ್ಟರೆ ಪ್ರೊಸೆಸರ್ 4.5 ಗಿಗಾಹರ್ಟ್ಸ್‌ನಲ್ಲಿ ನಡೆಯುತ್ತದೆ. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವಿನ ಅಲ್ಪ ಅವಧಿಯಲ್ಲಿ, ಟ್ರಾನ್ಸಿಸ್ಟರ್‌ಗಳ ಸರಪಣಿಯೊಂದರ ಈ ತುದಿಯಿಂದ ಹೊರಟ ವಿದ್ಯುತ್ ಸಂಕೇತ ಆ ತುದಿಯನ್ನು ಮುಟ್ಟಿ ನೆಲೆಗೊಳ್ಳಬೇಕು. ಚಿಪ್‌ನೊಳಗಿನ ಇಂಥ ಅಸಂಖ್ಯ ಸರಪಣಿಗಳಲ್ಲಿ ಅತ್ಯಂತ ನಿಧಾನವಾದುದೇ, ತಂತ್ರಜ್ಞರ ಮಾತಿನಲ್ಲಿ ನಿರ್ಣಾಯಕ ಪಥವೇ, ಇಡೀ ಪ್ರೊಸೆಸರ್‌ನ ಮಿತಿಯನ್ನು ಗೊತ್ತುಮಾಡುತ್ತದೆ. ಸಂಕೇತ ಮುಟ್ಟುವ ಮೊದಲೇ ಮುಂದಿನ ಬಡಿತ ಬಿದ್ದರೆ ಒಂದರ ಜಾಗದಲ್ಲಿ ಸೊನ್ನೆ ದಾಖಲಾಗುತ್ತದೆ; ಹೀಗೆ ಒಂದೇ ಒಂದು ಬಿಟ್ ತಪ್ಪಿದರೂ ಲೆಕ್ಕ ಕೆಡಬಹುದು, ಪರದೆ ನೀಲಿಯಾಗಬಹುದು, ಇಲ್ಲವೇ ಯಾವ ಸುಳಿವೂ ಇಲ್ಲದೆ ಕಡತವೊಂದು ಹಾಳಾಗಬಹುದು. ಕೊನೆಯದೇ ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಅದು ತಿಳಿಯುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ.

ಹಾಗಾದರೆ ಕೊಸರು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಉತ್ತರ ತಯಾರಿಕೆಯ ರೀತಿಯಲ್ಲೇ ಇದೆ. ವೇಫರ್ ಎಂಬ ಸಿಲಿಕಾನ್ ಬಿಲ್ಲೆಯೊಂದರ ಮೇಲೆ ನೂರಾರು ಚಿಪ್‌ಗಳು ಒಟ್ಟಿಗೆ ರೂಪುಗೊಳ್ಳುತ್ತವೆಯಾದರೂ ಒಂದೇ ಬಾಣಲೆಯಲ್ಲಿ ಕರಿದ ಹಪ್ಪಳಗಳಂತೆ ಯಾವ ಎರಡೂ ಪೂರ್ತಿ ಒಂದೇ ಸಮನಾಗಿರುವುದಿಲ್ಲ. ಕೆಲವು ಕಡಿಮೆ ವೋಲ್ಟೇಜಿನಲ್ಲೇ ಹೆಚ್ಚು ವೇಗಕ್ಕೆ ಏರುತ್ತವೆ, ಕೆಲವು ಏದುಸಿರು ಬಿಡುತ್ತವೆ. ತಯಾರಕರು ಅವನ್ನು ಪರೀಕ್ಷಿಸಿ, ವರ್ಗೀಕರಿಸಿ, ಬೇರೆ ಬೇರೆ ಹೆಸರು ಮತ್ತು ಬೆಲೆಗಳಲ್ಲಿ ಮಾರುತ್ತಾರೆ. ಈ ವರ್ಗೀಕರಣಕ್ಕೆ ಬಿನ್ನಿಂಗ್ ಎನ್ನುತ್ತಾರೆ. ವರ್ಗದೊಳಗಿನ ಅತ್ಯಂತ ದುರ್ಬಲ ಚಿಪ್ಪೂ, ಗಾಳಿಯಾಡದ ಪೆಟ್ಟಿಗೆಯಲ್ಲಿ, ಬೇಸಿಗೆಯಲ್ಲಿ, ಕೆಲವು ವರ್ಷ ಸವೆದ ಮೇಲೂ ತಪ್ಪಿಲ್ಲದೆ ನಡೆಯಬೇಕಾದ ಕಾರಣ ಮುದ್ರಿತ ವೇಗವನ್ನು ಸ್ವಲ್ಪ ಕೆಳಗೇ ಇಡಬೇಕಾಗುತ್ತದೆ. ಇದಲ್ಲದೆ ಅಗ್ಗದ ವರ್ಗಕ್ಕೆ ಬೇಡಿಕೆ ಹೆಚ್ಚಿದಾಗ ಒಳ್ಳೆಯ ಚಿಪ್‌ಗಳಿಗೂ ಅಗ್ಗದ ಹೆಸರನ್ನೇ ಹಚ್ಚಿ ಕಳಿಸುವುದುಂಟು. ತಾಂತ್ರಿಕ ಎಚ್ಚರಿಕೆ ಮತ್ತು ಮಾರುಕಟ್ಟೆಯ ಅನಿವಾರ್ಯ ಎರಡೂ ಸೇರಿ ಉಳಿಸಿದ ಈ ಅಂತರವನ್ನೇ ಓವರ್‌ಕ್ಲಾಕಿಂಗ್ ಮಾಡುವವರು ಬಳಸಿಕೊಳ್ಳುವುದು.

ಈ ಅಂತರ ಅತ್ಯಂತ ಉದಾರವಾಗಿ ಸಿಕ್ಕ ಪ್ರಸಂಗವೆಂದು ಎಲ್ಲರೂ ನೆನೆಯುವುದು 1998ರ ಆಗಸ್ಟ್‌ನಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಪ್ರೊಸೆಸರನ್ನು. ಅಗ್ಗದ ಕಂಪ್ಯೂಟರ್‌ಗಳಿಗೆಂದು ತಯಾರಾದ ಅದರ ಗುಣಕ 4.5ಕ್ಕೆ ಬೀಗ ಹಾಕಿಸಿಕೊಂಡಿತ್ತು, ಮದರ್‌ಬೋರ್ಡ್ ಒದಗಿಸುತ್ತಿದ್ದ ಬಸ್ ವೇಗ, ಅಂದರೆ ಆಗಿನ ಮೂಲ ಕ್ಲಾಕ್, 66 ಮೆಗಾಹರ್ಟ್ಸ್, ಗುಣಲಬ್ಧ ಸುಮಾರು 300. ಅದೇ ವರ್ಷ ಬಂದಿದ್ದ 440ಬಿಎಕ್ಸ್ ಚಿಪ್‌ಸೆಟ್ಟಿನ ಮದರ್‌ಬೋರ್ಡ್‌ಗಳು 100 ಮೆಗಾಹರ್ಟ್ಸ್ ಬಸ್ಸನ್ನೂ ಬಲ್ಲವಾದ್ದರಿಂದ, ಸೆಟ್ಟಿಂಗನ್ನು ಬದಲಿಸಿದೊಡನೆ 300 ಎಂದು ಬರೆದ ಚಿಪ್ 450 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಸೆಟ್ಟಿಂಗ್ ಬದಲಿಸಲು ಬಿಡದ ಬೋರ್ಡ್ ಇದ್ದವರು ಪ್ರೊಸೆಸರ್ ಕಾರ್ಡಿನ ಬಿ21 ಎಂಬ ಸಂಪರ್ಕಬಿಂದುವಿನ ಮೇಲೆ ಒಂದು ಚೂರು ಟೇಪು ಅಂಟಿಸಿ ಬೋರ್ಡನ್ನು ನಂಬಿಸುತ್ತಿದ್ದರು. ಅದರ 128 ಕಿಲೋಬೈಟ್‌ನ ಎರಡನೇ ಹಂತದ ಕ್ಯಾಶ್, ಅಂದರೆ ಪದೇ ಪದೇ ಬೇಕಾಗುವ ದತ್ತಾಂಶವನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳುವ ಸ್ಮೃತಿ, ಚಿಪ್ಪಿನೊಳಗೇ ಇದ್ದು ಪೂರ್ಣ ವೇಗದಲ್ಲಿ ಕೆಲಸ ಮಾಡುತ್ತಿದ್ದ ಕಾರಣ, ಹಲವು ಪಟ್ಟು ಬೆಲೆಯ 450 ಮೆಗಾಹರ್ಟ್ಸ್ ಪೆಂಟಿಯಂ 2ರ ಜೊತೆ ಅದು ಅನೇಕ ಕೆಲಸಗಳಲ್ಲಿ ಸರಿಸಮ ನಿಲ್ಲುತ್ತಿತ್ತು. ಸೇರಿಗೆ ಅರ್ಧ ಸೇರು ಕೊಸರು ಎಂಬಂಥ ಈ ಶೇಕಡಾ 50ರ ಏರಿಕೆ ಮುಂದೆ ಅಪರೂಪವಾಯಿತು.

ಸೆಲೆರಾನ್‌ನ ಕಥೆಯಲ್ಲಿ ಸಾಮಾನ್ಯವಾಗಿ ಹೇಳದೆ ಬಿಡುವ ಎರಡನೇ ಅಧ್ಯಾಯವೇ ಇಲ್ಲಿನ ಪ್ರಶ್ನೆಗೆ ಹೆಚ್ಚು ಹತ್ತಿರದ್ದು. 1999ರ ಆರಂಭದಲ್ಲಿ ಅದೇ ವಿನ್ಯಾಸದ 400 ಮೆಗಾಹರ್ಟ್ಸ್ ಸೆಲೆರಾನ್ ಬಂತು. ಹೆಸರಿನಲ್ಲಿ, ಬೆಲೆಯಲ್ಲಿ, ಮುದ್ರಿತ ವೇಗದಲ್ಲಿ ಅದು 300ಎಗಿಂತ ಮೇಲಿನದು. ಆದರೆ ಅದರ ಗುಣಕಕ್ಕೆ 6ರಲ್ಲಿ ಬೀಗ ಬಿದ್ದಿದ್ದರಿಂದ 100 ಮೆಗಾಹರ್ಟ್ಸ್ ಬಸ್ಸಿಗೆ ಏರಿಸಿದರೆ ಚಿಪ್ 600ರಲ್ಲಿ ಓಡಬೇಕಿತ್ತು, ಆ ವೇಗವನ್ನು 250 ನ್ಯಾನೋಮೀಟರ್ ತಂತ್ರದ ಬಹುತೇಕ ಚಿಪ್‌ಗಳು ತಾಳಲಾರದೆ ಹೋದವು. ಹಾಗಾಗಿ 300ಎ ಬಿಟ್ಟು 400ಕ್ಕೆ ಏರಿದ ಗಿರಾಕಿ, ಹೆಚ್ಚು ಹಣ ಕೊಟ್ಟು ಕಡಿಮೆ ಕೊಸರನ್ನು ತಂದುಕೊಂಡಂತಾಯಿತು. ಒಂದೇ ತಂತ್ರದಲ್ಲಿ ತಯಾರಾದ ಚಿಪ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಛಾವಣಿಯ ಕೆಳಗಿರುತ್ತವೆ. ನೆಲ ಎತ್ತರಿಸಿದಷ್ಟೂ ಛಾವಣಿಗಿರುವ ಅಂತರ ತಗ್ಗುತ್ತದೆ.

ಇದೇ ಲೆಕ್ಕ 18 ವರ್ಷಗಳ ತರುವಾಯ, 2017ರ ಮಾರ್ಚ್‌ನಲ್ಲಿ ಎಎಂಡಿ ಸಂಸ್ಥೆಯ ಮೊದಲ ರೈಜೆನ್ ಪ್ರೊಸೆಸರ್‌ಗಳು ಬಂದಾಗಲೂ ಪುನರಾವರ್ತನೆಯಾಯಿತು. ಎಂಟು ಕೋರ್‌ಗಳ ರೈಜೆನ್ 7 1700ರ ಮೂಲ ವೇಗ 3.0 ಗಿಗಾಹರ್ಟ್ಸ್, ಬೆಲೆ 329 ಡಾಲರ್. ಅದೇ ಚಿಪ್ಪಿನ ಆಯ್ದ ರೂಪವಾದ 1800ಎಕ್ಸ್‌ನ ಮೂಲ ವೇಗ 3.6, ಬೆಲೆ 499 ಡಾಲರ್. ಎರಡರ ಗುಣಕಕ್ಕೂ ಬೀಗವಿರಲಿಲ್ಲ. ಒಳ್ಳೆಯ ಕೂಲರ್ ಹಾಕಿ ವೇಗ ಏರಿಸಿದರೆ ಮೊದಲನೆಯದು 3.8 ಅಥವಾ 3.9ರಲ್ಲೂ ಎರಡನೆಯದು 4.0 ಅಥವಾ ಅದಕ್ಕೆ ತುಸು ಮೇಲೂ ನಿಲ್ಲುತ್ತಿದ್ದವು. 1700ನ್ನು ಕೊಂಡವರಿಗೆ ಮೂಲ ವೇಗದ ಮೇಲೆ ಸುಮಾರು ಶೇಕಡಾ 30ರಷ್ಟು ಸಿಕ್ಕಿದರೆ, 170 ಡಾಲರ್ ಹೆಚ್ಚು ತೆತ್ತವರಿಗೆ ಸಿಕ್ಕಿದ್ದು ಶೇಕಡಾ 11ರ ಆಸುಪಾಸು. ಆದ್ದರಿಂದ ಒಂದೇ ತಲೆಮಾರಿನೊಳಗೆ ಕೆಳಗಿನ ಮಾದರಿಯಿಂದ ಮೇಲಿನ ಮಾದರಿಗೆ ಏರುವುದು ಓವರ್‌ಕ್ಲಾಕಿಂಗ್ ದೃಷ್ಟಿಯಿಂದ ಸಾಮಾನ್ಯವಾಗಿ ನಷ್ಟದ ಬಾಬ್ತೇ ಆಗಿರುತ್ತದೆ. ತುತ್ತತುದಿಯ 100 ಮೆಗಾಹರ್ಟ್ಸ್‌ಗಾಗಿ ಆಯ್ದ ಚಿಪ್ಪೇ ಬೇಕೆನ್ನುವ ಹಟವಾದಿಗಳ ಮಾತು ಬೇರೆ.

ತಲೆಮಾರು ಬದಲಿಸಿದರೆ, ಅಂದರೆ ಇನ್ನೂ ಸೂಕ್ಷ್ಮವಾದ ತಂತ್ರದಲ್ಲಿ ತಯಾರಾದ ಪ್ರೊಸೆಸರಿಗೆ ಹೋದರೆ, ಛಾವಣಿಯೇ ಮೇಲೇರಬಹುದಲ್ಲವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. 2000ದ ದಶಕದ ಮಧ್ಯದವರೆಗೆ ಆ ನಿರೀಕ್ಷೆ ಬಹುಮಟ್ಟಿಗೆ ನಿಜವಾಗಿತ್ತು: ಟ್ರಾನ್ಸಿಸ್ಟರ್ ಕಿರಿದಾದಂತೆ ಅದು ಬೇಡುವ ವೋಲ್ಟೇಜೂ ಕಡಿಮೆಯಾಗಿ, ಅದೇ ಶಾಖದಲ್ಲಿ ಹೆಚ್ಚು ವೇಗ ಸಾಧ್ಯವಾಗುತ್ತಿತ್ತು. ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ವಿವರಿಸಿದ ಈ ಅನುಕೂಲ, ಟ್ರಾನ್ಸಿಸ್ಟರ್‌ಗಳು ಆರಿದ್ದಾಗಲೂ ವಿದ್ಯುತ್ ಸೋರತೊಡಗಿದ ಮೇಲೆ ಕೈಕೊಟ್ಟಿತು. 4 ಗಿಗಾಹರ್ಟ್ಸ್ ಪೆಂಟಿಯಂ 4ನ್ನು ತರುವ ಯೋಜನೆಯನ್ನು ಇಂಟೆಲ್ 2004ರಲ್ಲಿ ಕೈಬಿಟ್ಟದ್ದು ಇದೇ ಹಿನ್ನೆಲೆಯಲ್ಲಿ. ಅಲ್ಲಿಂದೀಚೆಗೆ ವೇಗಕ್ಕಿಂತ ಶಾಖವೇ ದೊಡ್ಡ ಗೋಡೆ.

ಶಾಖದ ಲೆಕ್ಕ ಸರಳವಾದರೂ ನಿಷ್ಠುರವಾದುದು. ಚಿಪ್ ಕೆಲಸ ಮಾಡುವಾಗ ಬಳಸುವ ವಿದ್ಯುತ್ತು ವೇಗಕ್ಕೆ ನೇರವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. 1.20 ವೋಲ್ಟ್‌ನಲ್ಲಿ 4.5 ಗಿಗಾಹರ್ಟ್ಸ್ ನಡೆಯುವ ಚಿಪ್ಪೊಂದನ್ನು 5.0ಕ್ಕೆ ಏರಿಸಲು 1.35 ವೋಲ್ಟ್ ಬೇಕಾಯಿತೆಂದುಕೊಂಡರೆ ವೇಗ ಹೆಚ್ಚಿದ್ದು ಶೇಕಡಾ 11, ಬಳಕೆಯಾಗುವ ವಿದ್ಯುತ್ತು ಹೆಚ್ಚಿದ್ದು ಸುಮಾರು ಶೇಕಡಾ 41. 150 ವಾಟ್ ಇದ್ದದ್ದು 210 ದಾಟುತ್ತದೆ. ಆ ಹೆಚ್ಚುವರಿಯೆಲ್ಲ ಶಾಖವಾಗಿ ಹೊರಬರಬೇಕು, ಹೊರಬರಬೇಕಾದ ದಾರಿಯೋ ತಲೆಮಾರಿನಿಂದ ತಲೆಮಾರಿಗೆ ಕಿರಿದಾಗುತ್ತ ಬಂದ ಚಿಪ್ಪಿನ ಮೈ.

ಈ ಮಾತಿಗೆ ಇಂಟೆಲ್‌ನ ಎರಡು ತಲೆಮಾರುಗಳು ಕೊಡುವಷ್ಟು ಸ್ಪಷ್ಟವಾದ ನಿದರ್ಶನ ಬೇರೆಲ್ಲೂ ಸಿಗಲಾರದು. 2011ರ ಜನವರಿಯಲ್ಲಿ ಬಂದ ಸ್ಯಾಂಡಿ ಬ್ರಿಡ್ಜ್ ಸಾಲಿನ ಕೋರ್ ಐ5-2500ಕೆ ಮತ್ತು ಐ7-2600ಕೆ ಪ್ರೊಸೆಸರ್‌ಗಳು 32 ನ್ಯಾನೋಮೀಟರ್ ತಂತ್ರದವು; ಹೆಸರಿನ ಕೊನೆಯ ಕೆ ಅಕ್ಷರ ಗುಣಕಕ್ಕೆ ಬೀಗವಿಲ್ಲವೆಂಬುದರ ಗುರುತು. 3.4 ಗಿಗಾಹರ್ಟ್ಸ್ ಮೂಲ ವೇಗದ 2600ಕೆ, ಸಾಮಾನ್ಯ ಗಾಳಿ ಕೂಲರಿನ ಕೆಳಗೇ 4.5ರವರೆಗೆ ತಕರಾರಿಲ್ಲದೆ ಏರುತ್ತಿತ್ತು. 2012ರ ಏಪ್ರಿಲ್‌ನಲ್ಲಿ ಬಂದ ಐವಿ ಬ್ರಿಡ್ಜ್ ಸಾಲಿನ ಐ7-3770ಕೆ ಅದೇ ಎಲ್‌ಜಿಎ 1155 ಸಾಕೆಟ್ಟಿಗೆ ಕೂರುತ್ತಿದ್ದುದರಿಂದ ಮದರ್‌ಬೋರ್ಡ್ ಬದಲಿಸದೆ ಪ್ರೊಸೆಸರನ್ನಷ್ಟೇ ಏರಿಸಿಕೊಳ್ಳಲು ಹೇಳಿ ಮಾಡಿಸಿದಂತಿತ್ತು. 22 ನ್ಯಾನೋಮೀಟರ್ ತಂತ್ರ, ಮೂರು ಆಯಾಮದ ಹೊಸ ಟ್ರಾನ್ಸಿಸ್ಟರ್, 95ರಿಂದ 77 ವಾಟ್‌ಗೆ ಇಳಿದ ವಿದ್ಯುತ್ ಮಿತಿ. ಕಾಗದದ ಮೇಲೆ ಕೊಸರು ಹೆಚ್ಚಲೇಬೇಕಿತ್ತು.

ನಡೆದದ್ದು ಬೇರೆ. ಕೊಂಡ ಸ್ಥಿತಿಯಲ್ಲಿ ತಂಪಾಗಿ, ಮಿತವ್ಯಯಿಯಾಗಿ ನಡೆಯುತ್ತಿದ್ದ 3770ಕೆ, 4.5 ಗಿಗಾಹರ್ಟ್ಸ್ ಸಮೀಪಿಸುತ್ತಿದ್ದಂತೆ ಹಳೆಯದಕ್ಕಿಂತ ಬೇಗ ಬಿಸಿಯೇರುತ್ತಿತ್ತು. ಚಿಪ್ಪಿನ ವಿಸ್ತೀರ್ಣ 216 ಚದರ ಮಿಲಿಮೀಟರಿನಿಂದ 160ಕ್ಕೆ ಇಳಿದಿದ್ದುದರಿಂದ ಶಾಖ ಹೊರಹೋಗುವ ಜಾಗ ಕಡಿಮೆಯಾಗಿತ್ತೆಂಬುದು ಒಂದು ಕಾರಣ. ಎರಡನೆಯದನ್ನು ಕಂಡುಕೊಂಡವರು ಪ್ರೊಸೆಸರ್‌ನ ಲೋಹದ ಮುಚ್ಚಳವನ್ನೇ ಕ್ಷೌರದ ಬ್ಲೇಡಿನಿಂದ ಬಿಡಿಸಿ ನೋಡಿದ ಹವ್ಯಾಸಿಗಳು. ಸ್ಯಾಂಡಿ ಬ್ರಿಡ್ಜ್‌ನಲ್ಲಿ ಚಿಪ್ಪಿಗೂ ಮುಚ್ಚಳಕ್ಕೂ ನಡುವೆ ಬೆಸುಗೆಯಿತ್ತು. ಇಂಥ ಬೆಸುಗೆಗೆ ಬಳಸುವ ಇಂಡಿಯಂ ಲೋಹ ಶಾಖವನ್ನು ಸಲೀಸಾಗಿ ದಾಟಿಸುತ್ತದೆ. ಐವಿ ಬ್ರಿಡ್ಜ್‌ನ ಮುಚ್ಚಳದ ಕೆಳಗೆ ಕಂಡದ್ದು ಅದರ ಹತ್ತರಲ್ಲೊಂದು ಪಾಲಿನಷ್ಟೂ ಶಾಖ ದಾಟಿಸಲಾರದ ಬೂದು ಬಣ್ಣದ ಪೇಸ್ಟು. ಪೇಸ್ಟಿಗಿಂತಲೂ, ಮುಚ್ಚಳದ ಅಂಚಿಗೆ ಹಚ್ಚಿದ ಕಪ್ಪು ಅಂಟಿನ ದಪ್ಪದಿಂದಾಗಿ ಮುಚ್ಚಳ ಚಿಪ್ಪಿನಿಂದ ಕೂದಲೆಳೆಯಷ್ಟು ಮೇಲೆ ನಿಂತಿದ್ದೇ ಹೆಚ್ಚಿನ ದೋಷವೆಂದು ಹಲವರು ತೀರ್ಮಾನಿಸಿದರು. ಅಂಟನ್ನು ಕೆರೆದು, ಒಳ್ಳೆಯ ಪೇಸ್ಟ್ ಹಚ್ಚಿ ಮತ್ತೆ ಮುಚ್ಚಿದಾಗ ತಾಪಮಾನ 10ರಿಂದ 20 ಡಿಗ್ರಿಯಷ್ಟು ಇಳಿದದ್ದುಂಟು. ಬ್ಲೇಡು ಒಂದಿಷ್ಟು ಆಳಕ್ಕೆ ಹೋಗಿ ಹಸಿರು ಹಲಗೆಯ ಒಳಗಿನ ಎಳೆ ತುಂಡಾದರೆ ಪ್ರೊಸೆಸರ್ ಅಲ್ಲಿಗೇ ಮುಗಿಯಿತು, ವಾರಂಟಿಯಂತೂ ಮುಚ್ಚಳ ತೆರೆದ ಗಳಿಗೆಯಲ್ಲೇ ಹೋಗಿರುತ್ತದೆ.

ಇಷ್ಟಾದರೂ 3770ಕೆ ಕೆಟ್ಟ ಪ್ರೊಸೆಸರಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಒಂದು ಬಡಿತದಲ್ಲಿ ಅದು ಮಾಡುವ ಕೆಲಸ ಹಳೆಯದಕ್ಕಿಂತ ತುಸು ಹೆಚ್ಚಿದ್ದುದರಿಂದ 4.4ರಲ್ಲಿ ನಿಂತ ಹೊಸದು 4.6ರಲ್ಲಿ ಓಡುವ ಹಳೆಯದನ್ನು ಸರಿಗಟ್ಟಬಲ್ಲದಾಗಿತ್ತು. ಗಿಗಾಹರ್ಟ್ಸ್ ಎಂಬುದು ಕಾಲ ಸವೆಸುವ ಹೆಜ್ಜೆಗಳ ಎಣಿಕೆಯೇ ಹೊರತು ಹೆಜ್ಜೆಯ ಉದ್ದವಲ್ಲ; ಓವರ್‌ಕ್ಲಾಕಿಂಗ್ ಅಂಕಿಯ ಮೋಹಕ್ಕೆ ಬಿದ್ದವರು ಮರೆಯುವುದು ಇದನ್ನೇ.

ಕೊಸರು ಬತ್ತಿದ್ದಕ್ಕೆ ಶಾಖದಷ್ಟೇ ಮುಖ್ಯವಾದ ಇನ್ನೊಂದು ಕಾರಣವಿದೆ: ಅಂಗಡಿಯವರೇ ಅಳತೆಯನ್ನು ಬಿಗಿ ಮಾಡಿದರು. 2008ರ ಸುಮಾರಿನಿಂದ ಪ್ರೊಸೆಸರ್‌ಗಳಲ್ಲಿ ಟರ್ಬೊ ಎಂಬ ವ್ಯವಸ್ಥೆ ಬಲಗೊಳ್ಳುತ್ತ ಬಂತು. ತಾಪಮಾನ, ವಿದ್ಯುತ್ತು, ದುಡಿಯುತ್ತಿರುವ ಕೋರ್‌ಗಳ ಸಂಖ್ಯೆ ಇವನ್ನು ಪ್ರೊಸೆಸರ್ ತಾನೇ ಕ್ಷಣಕ್ಷಣಕ್ಕೂ ಅಳೆದು, ಅವಕಾಶವಿದ್ದಷ್ಟು ವೇಗವನ್ನು ತಾನೇ ಏರಿಸಿಕೊಳ್ಳುತ್ತದೆ. 2018ರ ರೈಜೆನ್ 7 2700ಎಕ್ಸ್ ಹೊತ್ತಿಗೆ ಈ ಸ್ವಯಂಚಾಲನೆ ಎಷ್ಟು ಚುರುಕಾಗಿತ್ತೆಂದರೆ ಒಂದು ಕೋರ್ ಮಾತ್ರ ದುಡಿಯುವಾಗ ಅದು 4.3 ಗಿಗಾಹರ್ಟ್ಸ್ ಮುಟ್ಟುತ್ತಿತ್ತು, ಮನುಷ್ಯ ಕೈಯಾರೆ ಎಲ್ಲ ಕೋರ್‌ಗಳಿಗೂ ಒಂದೇ ವೇಗ ನಿಗದಿಪಡಿಸಿದರೆ 4.2ರ ಆಚೆಗೆ ಹೋಗುವುದೇ ಕಷ್ಟವಾಗುತ್ತಿತ್ತು. ಅಂದರೆ ಓವರ್‌ಕ್ಲಾಕಿಂಗ್ ಮಾಡಿದ ಫಲವಾಗಿ ಕೆಲವು ಕೆಲಸಗಳು ನಿಧಾನವಾಗುವ ವಿಚಿತ್ರ ಸ್ಥಿತಿ. 2022ರ ರೈಜೆನ್ 9 7950ಎಕ್ಸ್ ಅನ್ನು ಭಾರವಾದ ಕೆಲಸದಲ್ಲಿ 95 ಡಿಗ್ರಿ ಮುಟ್ಟಿ ಅಲ್ಲೇ ನಿಲ್ಲುವಂತೆ ವಿನ್ಯಾಸಗೊಳಿಸಿರುವುದಾಗಿ ಎಎಂಡಿ ಮುಚ್ಚುಮರೆಯಿಲ್ಲದೆ ಹೇಳಿತು. ಇಂಟೆಲ್‌ನ ಕೋರ್ ಐ9-14900ಕೆ ಪೆಟ್ಟಿಗೆಯಿಂದ ತೆಗೆದಾಗಲೇ 6 ಗಿಗಾಹರ್ಟ್ಸ್ ಮುಟ್ಟುವ, 253 ವಾಟ್‌ವರೆಗೆ ಏರುವ ಪ್ರೊಸೆಸರ್. ಇಂಥವುಗಳಲ್ಲಿ ಮಿಕ್ಕಿರುವುದನ್ನು ಹುಡುಕುವುದು ಎಲೆಕ್ಟ್ರಾನಿಕ್ ತಕ್ಕಡಿಯ ಮುಂದೆ ನಿಂತು ಕೊಸರು ಕೇಳಿದ ಹಾಗೆ. ಒಳ್ಳೆಯ ಚಿಪ್‌ಗಳನ್ನು ಪರೀಕ್ಷಿಸಿ ಆರಿಸಿ, ಇಂತಿಷ್ಟು ವೇಗ ಖಚಿತ ಎಂದು ಹೇಳಿ ಮಾರುತ್ತಿದ್ದ ಅಮೆರಿಕದ ಸಿಲಿಕಾನ್ ಲಾಟರಿ ಎಂಬ ಸಂಸ್ಥೆ 2021ರಲ್ಲಿ ಬಾಗಿಲು ಹಾಕಿಕೊಂಡದ್ದು ಕಾಕತಾಳೀಯವಲ್ಲ.

ಕೊಸರಿಲ್ಲದಿದ್ದರೂ ಪ್ರೊಸೆಸರ್ ಶ್ರೇಷ್ಠವಾಗಿರಬಹುದೆಂಬುದಕ್ಕೆ 2022ರ ಏಪ್ರಿಲ್‌ನಲ್ಲಿ ಬಂದ ರೈಜೆನ್ 7 5800ಎಕ್ಸ್3ಡಿ ಸಾಕ್ಷಿ. ಚಿಪ್ಪಿನ ಮೇಲೆ ಇನ್ನೊಂದು ಪದರವಾಗಿ ಕ್ಯಾಶನ್ನು ಕೂರಿಸಿ ಒಟ್ಟು 96 ಮೆಗಾಬೈಟ್‌ಗೆ ಏರಿಸಿದ್ದ ಅದು ಆಟಗಳಲ್ಲಿ ತನ್ನ ಕಾಲದ ಅತಿ ವೇಗದ ಪ್ರೊಸೆಸರ್‌ಗಳಲ್ಲಿ ಒಂದೆನಿಸಿತು. ಆದರೆ ಮೇಲಿನ ಪದರ ಹೆಚ್ಚು ವೋಲ್ಟೇಜನ್ನು ತಾಳಲಾರದ ಕಾರಣ ಅದರ ಗುಣಕಕ್ಕೆ ಬೀಗವೇ ಬಿತ್ತು. ಓವರ್‌ಕ್ಲಾಕ್ ಮಾಡಬಲ್ಲ ಹಳೆಯ ರೈಜೆನ್ ತೆಗೆದು ಇದನ್ನು ಹಾಕಿಕೊಂಡವರಿಗೆ ಓವರ್‌ಕ್ಲಾಕಿಂಗ್ ಅವಕಾಶ ಸೊನ್ನೆಯಾಯಿತು, ಕಂಪ್ಯೂಟರ್ ಮಾತ್ರ ಹಿಂದೆಂದೂ ಇಲ್ಲದಷ್ಟು ಚುರುಕಾಯಿತು. ಕ್ಯಾಶ್ ಪದರವನ್ನು ಚಿಪ್ಪಿನ ಕೆಳಗೆ ಸರಿಸಿದ 2024ರ 9800ಎಕ್ಸ್3ಡಿಯಲ್ಲಿ ಆ ಬೀಗವನ್ನು ತೆಗೆದರು.

ಪ್ರೊಸೆಸರ್ ಬದಲಾವಣೆಯಿಂದ ಓವರ್‌ಕ್ಲಾಕಿಂಗ್ ನಿಜವಾಗಿಯೂ ಸುಧಾರಿಸುವ ಜಾಗ ಒಂದಿದೆ, ಅದು ಹೆಚ್ಚಿನವರು ಹುಡುಕದ ಜಾಗ: ರ‍್ಯಾಮ್. ಸ್ಮೃತಿಯ ಜೊತೆ ಮಾತಾಡುವ ಮೆಮೊರಿ ಕಂಟ್ರೋಲರ್ ಹಿಂದೆ ಮದರ್‌ಬೋರ್ಡಿನ ಚಿಪ್‌ಸೆಟ್ಟಿನಲ್ಲಿ ಇರುತ್ತಿತ್ತು. ಎಎಂಡಿ 2003ರ ಅಥ್ಲಾನ್ 64ರಲ್ಲೂ ಇಂಟೆಲ್ 2008ರ ಮೊದಲ ಕೋರ್ ಐ7ರಲ್ಲೂ ಅದನ್ನು ಪ್ರೊಸೆಸರಿನೊಳಕ್ಕೆ ತಂದವು. ಹಾಗಾಗಿ ಇಂದು ರ‍್ಯಾಮ್ ಕಡ್ಡಿಯ ಮೇಲೆ 3600 ಎಂದು ಬರೆದಿದ್ದರೂ ಆ ವೇಗ ದಕ್ಕುವುದು ಪ್ರೊಸೆಸರ್ ಒಪ್ಪಿದರೆ ಮಾತ್ರ. 2017ರ ಮೊದಲ ರೈಜೆನ್‌ಗಳ ಕಂಟ್ರೋಲರ್ ಈ ವಿಷಯದಲ್ಲಿ ಬಡಪಾಯಿ. ಅಧಿಕೃತ ಮಿತಿ 2666 ಆಗಿದ್ದ ಅವು 3200 ಮುಟ್ಟಲು ತಿಣುಕುತ್ತಿದ್ದವು, ಎಷ್ಟೋ ಕಂಪ್ಯೂಟರ್‌ಗಳು 2933ರಲ್ಲೇ ಸುಸ್ತಾಗುತ್ತಿದ್ದವು. ಅದೇ ಮದರ್‌ಬೋರ್ಡ್, ಅದೇ ರ‍್ಯಾಮ್ ಇಟ್ಟುಕೊಂಡು 2019ರ ರೈಜೆನ್ 3000 ಸಾಲಿನ ಪ್ರೊಸೆಸರ್ ಕೂರಿಸಿದರೆ ಬೋರ್ಡಿನ ತಂತಿಜಾಲ ಅಡ್ಡಿ ಮಾಡದಿದ್ದಲ್ಲಿ 3600 ಸಲೀಸು. ಅದರಾಚೆ ಸುಮಾರು 3733ರವರೆಗೆ ರ‍್ಯಾಮ್, ಕಂಟ್ರೋಲರ್ ಮತ್ತು ಚಿಪ್ಪಿನ ಭಾಗಗಳನ್ನು ಬೆಸೆಯುವ ಇನ್ಫಿನಿಟಿ ಫ್ಯಾಬ್ರಿಕ್ ಎಂಬ ಒಳದಾರಿ ಮೂರೂ ಒಂದೇ ತಾಳದಲ್ಲಿ ನಡೆಯುತ್ತವೆ. ಅದನ್ನು ದಾಟಿದರೆ ಕಂಟ್ರೋಲರ್ ಅರ್ಧ ವೇಗಕ್ಕೆ ಇಳಿದು, ಅಂಕಿ ಏರಿದರೂ ದತ್ತಾಂಶ ಕೈಗೆ ಬರುವುದು ತಡವಾಗುತ್ತದೆ. ರೈಜೆನ್‌ಗಳು ರ‍್ಯಾಮ್ ವೇಗಕ್ಕೆ ಹೆಚ್ಚು ಸ್ಪಂದಿಸುವ ಜಾತಿಯವಾದ್ದರಿಂದ, ಪ್ರೊಸೆಸರಿನ ಗುಣಕದೊಡನೆ ವಾರಗಟ್ಟಲೆ ಹೆಣಗಾಡಿ ಪಡೆಯುವುದಕ್ಕಿಂತ ಹೆಚ್ಚು ಲಾಭ ಇಲ್ಲೇ ಸಿಗುವುದುಂಟು. ರ‍್ಯಾಮ್ ಓವರ್‌ಕ್ಲಾಕ್ ಆಗುತ್ತಿಲ್ಲವೆಂದು ರ‍್ಯಾಮನ್ನೇ ಬದಲಿಸುತ್ತ ಹೋಗುವವರು ದೋಷ ಸಾಕೆಟ್ಟಿನಲ್ಲಿ ಕುಳಿತಿರಬಹುದೆಂಬುದನ್ನು ಒಮ್ಮೆ ಯೋಚಿಸಬೇಕು.

ಬೀಗದ ವಿಷಯವನ್ನು ಸಂಕ್ಷಿಪ್ತವಾಗಿ ಮುಗಿಸಬಹುದು. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನ ಹೆಸರಿನ ಕೊನೆಗೆ ಕೆ ಇರಬೇಕು, ಮದರ್‌ಬೋರ್ಡಿನ ಚಿಪ್‌ಸೆಟ್ ಝಡ್ ಸಾಲಿನದಾಗಿರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಕೋರ್‌ಗಳ ಗುಣಕ ಅಲುಗುವುದಿಲ್ಲ. ಎಎಂಡಿಯಲ್ಲಿ ಬಹುತೇಕ ರೈಜೆನ್‌ಗಳಿಗೆ ಬೀಗವಿಲ್ಲ, ಆದರೆ ಎ320ರಂಥ ಅಗ್ಗದ ಚಿಪ್‌ಸೆಟ್‌ಗಳು ಅವಕಾಶ ಕೊಡುವುದಿಲ್ಲ. ಆದ್ದರಿಂದ ಬೀಗವಿರುವ ಪ್ರೊಸೆಸರಿನಿಂದ ಇಲ್ಲದಿರುವುದಕ್ಕೆ ಬದಲಾಗುವವರ ಮಟ್ಟಿಗೆ ಮೂಲ ಪ್ರಶ್ನೆಗೆ ಉತ್ತರ ನಿಸ್ಸಂದೇಹವಾಗಿ ಹೌದು, ಬೋರ್ಡ್ ಒಪ್ಪುವುದಾದರೆ. ಒಪ್ಪುವುದೆಂದರೆ ಸೆಟ್ಟಿಂಗ್ ಇರುವುದಷ್ಟೇ ಅಲ್ಲ. ವಿದ್ಯುತ್ ಪೂರೈಕೆ ಘಟಕದ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಒಂದು ಚಿಲ್ಲರೆ ವೋಲ್ಟ್‌ಗೆ ಇಳಿಸಿಕೊಡುವ ವಿಆರ್‌ಎಂ ಎಂಬ ಭಾಗಕ್ಕೆ, ನಾಲ್ಕು ಕೋರ್‌ಗಳ ಕಾಲದಲ್ಲಿ ತಯಾರಾಗಿದ್ದರೆ, ಹನ್ನೆರಡು ಕೋರ್‌ಗಳ ಹೊಸಬನನ್ನು ಸಾಕುವ ತ್ರಾಣವೂ ಇರಬೇಕು. ಸಾಕೆಟ್ಟಿನ ಹೆಸರೊಂದೇ ನೋಡಿ ಮೋಸಹೋದವರೂ ಇದ್ದಾರೆ: 2017ರ ಐ7-8700ಕೆ ಹಿಂದಿನ ಎರಡು ತಲೆಮಾರುಗಳಂತೆಯೇ ಎಲ್‌ಜಿಎ 1151 ಸಾಕೆಟ್ಟಿನದಾದರೂ ಹಳೆಯ ಝಡ್170 ಮತ್ತು ಝಡ್270 ಬೋರ್ಡ್‌ಗಳಲ್ಲಿ ಅದು ನಡೆಯುವಂತಿರಲಿಲ್ಲ.

ಊರಿನ ಹವೆಯೂ ಈ ಲೆಕ್ಕದ ಹೊರಗಿಲ್ಲ. ಕೂಲರ್ ಎಷ್ಟೇ ದೊಡ್ಡದಾದರೂ ಅದು ಶಾಖವನ್ನು ಬಿಡುವುದು ಕೋಣೆಯ ಗಾಳಿಗೆ; ಒಂದು ವಾಟ್‌ಗೆ ಕಾಲು ಡಿಗ್ರಿ ಏರುವ ಕೂಲರಿನ ಕೆಳಗೆ 200 ವಾಟ್ ಬಳಸುವ ಪ್ರೊಸೆಸರ್ ಕೋಣೆಯ ತಾಪಮಾನಕ್ಕಿಂತ 50 ಡಿಗ್ರಿ ಮೇಲಿರುತ್ತದೆ. ಬೆಂಗಳೂರಿನ 25 ಡಿಗ್ರಿಯ ಸಂಜೆಯಲ್ಲಿ 75ರಲ್ಲಿ ನೆಮ್ಮದಿಯಾಗಿರುವ ಅದೇ ಯಂತ್ರ, ಹೊರಗೆ 40 ದಾಟುವ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತಂಪು ಮಾಡದ ಕೋಣೆಯೊಳಗೆ 90 ಮುಟ್ಟುತ್ತದೆ. ಚಳಿಯ ದೇಶಗಳಲ್ಲಿ ಕುಳಿತವರು ಪಡೆದ ಓವರ್‌ಕ್ಲಾಕಿಂಗ್ ಅಂಕಿಗಳನ್ನು ಇಲ್ಲಿ ಹಾಗೆಯೇ ನಕಲು ಮಾಡಲು ಹೋದರೆ ಡಿಸೆಂಬರಿನಲ್ಲಿ ಗೆದ್ದ ಸೆಟ್ಟಿಂಗು ಏಪ್ರಿಲ್‌ನಲ್ಲಿ ಸೋಲುತ್ತದೆ.

ಮಿತಿಯ ಅಂಚಿಗೆ ತಳ್ಳುವುದರ ಬೆಲೆ ಏನೆಂಬುದನ್ನು 2024ರಲ್ಲಿ ಇಂಟೆಲ್ ತಾನೇ ಕಂಡಿತು. 13 ಮತ್ತು 14ನೇ ತಲೆಮಾರಿನ ಮೇಲ್ದರ್ಜೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು, ಓವರ್‌ಕ್ಲಾಕ್ ಮಾಡದವರ ಕಂಪ್ಯೂಟರಿನಲ್ಲೂ, ಅಸ್ಥಿರವಾಗತೊಡಗಿದ ದೂರುಗಳು ಬಂದಾಗ, ಪ್ರೊಸೆಸರ್ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದ್ದುದೇ ಸವಕಳಿಗೆ ಮುಖ್ಯ ಕಾರಣವೆಂದು ಸಂಸ್ಥೆ ಒಪ್ಪಿ, ಆಗಸ್ಟ್‌ನಲ್ಲಿ ಮೈಕ್ರೋಕೋಡ್ ಎಂಬ ಒಳ ಆದೇಶಾವಳಿಯ ತಿದ್ದುಪಡಿ ಹೊರಡಿಸಿತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಇಂದಿನ ಜಾಣ ಹವ್ಯಾಸಿಗಳಂತೂ ವೋಲ್ಟೇಜನ್ನು ಹೆಚ್ಚಿಸುವುದಕ್ಕಿಂತ ಇಳಿಸುವುದರಲ್ಲಿ ಆಸಕ್ತರು. 2020ರ ರೈಜೆನ್ 5000 ಸಾಲಿನೊಡನೆ ಬಂದ ಕರ್ವ್ ಆಪ್ಟಿಮೈಸರ್ ಎಂಬ ಸೌಲಭ್ಯದಲ್ಲಿ ಪ್ರತಿ ಕೋರಿಗೂ ಕೊಡುವ ವೋಲ್ಟೇಜನ್ನು ಹಂತ ಹಂತವಾಗಿ ತಗ್ಗಿಸುತ್ತ, ಪ್ರತಿ ಹಂತದಲ್ಲೂ ಗಂಟೆಗಟ್ಟಲೆ ಪರೀಕ್ಷೆ ಓಡಿಸಿ ತಪ್ಪು ಬಾರದಿದ್ದರೆ ಮಾತ್ರ ಮುಂದಕ್ಕೆ ಹೋಗುತ್ತಾರೆ. ವೋಲ್ಟೇಜ್ ಇಳಿದಂತೆ ಶಾಖ ಇಳಿದು, ಉಳಿದ ಜಾಗವನ್ನು ಟರ್ಬೊ ತಾನೇ ವೇಗಕ್ಕೆ ಬಳಸಿಕೊಳ್ಳುತ್ತದೆ.

ಹಳೆಯ ಪ್ರೊಸೆಸರಿನಲ್ಲಿ ಬೀಗವಿದ್ದರೆ, ಅಥವಾ ಅದರ ಮೆಮೊರಿ ಕಂಟ್ರೋಲರ್ ರ‍್ಯಾಮನ್ನು ಹಿಡಿದೆಳೆಯುತ್ತಿದ್ದರೆ ಓವರ್‌ಕ್ಲಾಕಿಂಗ್ ಹೆಸರಿನಲ್ಲಿ ಪ್ರೊಸೆಸರ್ ಬದಲಿಸಬಹುದು. ಉಳಿದವರು ಹೊಸದನ್ನು ಅದು ಕೊಂಡ ಸ್ಥಿತಿಯಲ್ಲಿ ಕೊಡುವ ವೇಗಕ್ಕಾಗಿ ಕೊಳ್ಳಲಿ. ಯಾವ ಕಾರಣಕ್ಕೆ ಬದಲಿಸುವುದಾದರೂ ಹಳೆಯ ಪ್ರೊಸೆಸರನ್ನು ಬಿಚ್ಚುವ ಮುಂಚೆಯೇ ಮದರ್‌ಬೋರ್ಡ್ ತಯಾರಕರ ಬೆಂಬಲ ಪಟ್ಟಿ ನೋಡಿ, ಬಯಾಸ್ ಎಂಬ ಬೋರ್ಡಿನ ಆರಂಭಿಕ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿಕೊಳ್ಳಿ. ಹಳೆಯ ಬಯಾಸ್ ಹೊಸ ಪ್ರೊಸೆಸರನ್ನು ಗುರುತಿಸದಿದ್ದರೆ ಕಂಪ್ಯೂಟರ್ ಚಾಲೂ ಆಗುವುದಿಲ್ಲ, ಚಾಲೂ ಆಗದೆ ಎಷ್ಟೋ ಬೋರ್ಡ್‌ಗಳಲ್ಲಿ ಬಯಾಸ್ ಬದಲಿಸಲಾಗುವುದಿಲ್ಲ; 2018ರಲ್ಲಿ ಈ ಇಕ್ಕಟ್ಟಿಗೆ ಸಿಕ್ಕಿಕೊಂಡ ಗಿರಾಕಿಗಳಿಗೆ ಎಎಂಡಿ, ಬಯಾಸ್ ಏರಿಸುವಷ್ಟು ಹೊತ್ತಿನ ಮಟ್ಟಿಗೆಂದು, ಹಳೆಯ ಪ್ರೊಸೆಸರೊಂದನ್ನು ಅಂಚೆಯಲ್ಲಿ ಕಡ ಕಳಿಸಿಕೊಡಬೇಕಾಯಿತು.